ಕಾಟಾ ಹಾಲೇಶಪ್ಪನ ಹಿಂದಿ

ಆವತ್ತು ಬೆಳಗಿನ ಐದೂವರೆಗೆ ಹಾಲೇಶಪ್ಪ ಒಂದು ದೊಡ್ಡ ಆಕಳಿಕೆ ಆಕಳಿಸಿ ಸುಮ್ಮನಿದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆಕಳಿಸಬೇಕಾದ ಬಾಯಿಂದ ಮಾತು ಬಂದುಬಿಟ್ಟಿತು.

ಗುಜರಾತಿನ ಭುಜ್ ಊರಿನ ಲಾಡ್ಜ್ ಎದುರು ದಾವಣಗೆರೆ, ಹರಿಹರದ ಕಡೆಯ ಇಪ್ಪತ್ತೆರಡು ಮಂದಿ ಜನವರಿಯ ಚಳಿಗೆ ಮಂಕಿ ಕ್ಯಾಪು, ಶಾಲು ಸುತ್ತಿಕೊಂಡು ಅಟ್ಟದ ಮೇಲಿನ ಮೂಟೆಗಳ ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಬೆಳಗ್ಗೆ ಉಪ್ಪಿನ ಮರುಭೂಮಿ, ಸಂಜೆ ಮಾಂಡ್ವಿ ಊರಿನ ಸಮುದ್ರ, ಎರಡೂ ಒಂದೇ ದಿನದಲ್ಲಿ. ಬಸ್ಸು ಸಿದ್ಧವಿತ್ತು. ಸಿದ್ಧವಿಲ್ಲದವನು ಟೂರ್ ಮ್ಯಾನೇಜರ್ ರೇವಂತ್ ಒಬ್ಬನೇ. ಮಂಡಕ್ಕಿ, ಮೆಣಸಿನಕಾಯಿ ತಿಂದು ಬೆಳೆದ ಅವನ ದಾವಣಗೆರೆ ಹೊಟ್ಟೆ ಹಿಂದಿನ ದಿನದ ಸಿಹಿ ಬೇಳೆಸಾರಿಗೆ ಸೋತುಹೋಗಿತ್ತು. ಗೋಡೆ ಹಿಡಿದುಕೊಂಡು ಹೊರಗೆ ಬಂದ.

“ನನ್ ಕೈಲಿ ಆಗಲ್ರೀ ಇವತ್ತು. ಡ್ರೈವರ್ ಇಮ್ರಾನ್ ಭಾಯಿಗೆ ದಾರಿ ಎಲ್ಲಾ ಗೊತ್ತೈತೆ. ಆದ್ರೆ ಅವ್ನಿಗೆ ಕನ್ನಡ ಬರಲ್ಲ. ನಿಮ್ಮಾಗೆ ಯಾರಿಗಾದ್ರೂ ಹಿಂದಿ ಬರ್ತೈತಾ?”

ಮೇಷ್ಟ್ರು ಮಗ್ಗಿ ಕೇಳಿದಾಗ ಹುಡುಗರು ನೆಲ ನೋಡುವಂತೆ ಎಲ್ಲರೂ ನೆಲ ನೋಡಿದರು. ಹಾಲೇಶಪ್ಪನ ಹೆಂಡತಿ ಉಡಚಮ್ಮ ಶಾಲು ಸರಿಮಾಡಿಕೊಂಡು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವರ ಪಕ್ಕದ ಮನೆಯ ಸುಂಕಲಮ್ಮ, ಆವರಗೆರೆಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಲೆಕ್ಕ ಇಟ್ಟವಳು, ಗುಂಪಿನ ಮಧ್ಯದಿಂದ ಕೂಗಿದಳು.

“ಇವ್ನಿಲ್ಲೇನು ನಮ್ ಹಾಲೇಶಪ್ಪ! ಕಾಟಾದಾಗೆ ದಿನಾ ಲಾರಿಯೋರ ಜತಿಗೆ ಹಿಂದಿಯಾಗೇ ಮಾತಾಡ್ತಾನೆ. ಹೌದಲ್ಲೋ?”

ಇಪ್ಪತ್ತೊಂದು ಮುಖಗಳು ತಿರುಗಿದವು. ಹಾಲೇಶಪ್ಪನಿಗೆ ಕಂಡದ್ದು ಒಂದೇ ಮುಖ. ಅದರಲ್ಲೂ ಮುಖಕ್ಕಿಂತ ಮೊದಲು ಕಂಡದ್ದು ಮೀಸೆ. ಭಾನುವಳ್ಳಿಯ ಬಂಗಾರಪ್ಪನವರದು.

“ಅಷ್ಟಿಷ್ಟು ಯಾಕ? ಚೆನ್ನಾಗೇ ಬರ್ತೈತೆ,” ಎಂದುಬಿಟ್ಟ ಹಾಲೇಶಪ್ಪ.

ಅದಕ್ಕೆ ಕಾರಣವಿತ್ತು. ಹಾಲೇಶಪ್ಪನ ಮಗಳು ತನುಶ್ರೀ, ಬಂಗಾರಪ್ಪನವರ ಮಗ ಅಂಜನ್ ಕುಮಾರ್, ಇಬ್ಬರೂ ದಾವಣಗೆರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಒಟ್ಟಿಗೆ ಕೆಲಸ ಮಾಡುತ್ತ ತಾವು ತಾವೇ ಒಪ್ಪಿಕೊಂಡಿದ್ದರು. ಬಾಕಿ ಉಳಿದಿದ್ದು ಬೀಗರು ಬೀಗರನ್ನು ಒಪ್ಪುವುದು. ಎರಡೂ ಕಡೆಗೆ ನೆಂಟನಾದ ಜಂಬಯ್ಯ ಅದಕ್ಕೊಂದು ದಾರಿ ಹೇಳಿದ್ದ. “ಮನಿಗೆ ಬಂದು ಉಪ್ಪಿಟ್ಟು ತಿಂದು ಹೋದ್ರೆ ಮನುಷ್ಯ ಗೊತ್ತಾಗಲ್ಲ. ಎಂಟು ದಿನ ಜತಿಗೆ ಟೂರ್ ಹೋಗ್ರಿ. ಕಿಟಕಿ ಸೀಟು ಸಿಗದಾಗ, ಬಿಸಿನೀರು ಬರದಾಗ ಮನುಷ್ಯನ ಬಣ್ಣ ತಾನಾಗೇ ಹೊರಗೆ ಬರ್ತೈತೆ.” ಹೇಳಿದ ಜಂಬಯ್ಯ ತಾನು ಬರಲಿಲ್ಲ. ಹೊರಡುವ ಮುಂಚೆ ಹಾಲೇಶಪ್ಪನ ಕಿವಿಯಲ್ಲಿ ಒಂದು ಮಾತು ಮಾತ್ರ ಹಾಕಿದ್ದ. “ಹುಷಾರು. ಬಂಗಾರಪ್ಪ ಹದಿನೇಳು ವರ್ಷ ಮಿಲಿಟ್ರಿ. ಸಡಿಲ ಮಾತು ಆಗಂಗಿಲ್ಲ.”

ಅಲ್ಲಿಂದಾಚೆ ಹಾಲೇಶಪ್ಪ ಆ ಮೀಸೆಯ ಎದುರು ಕೂತಾಗಲೂ ಅಟೆನ್ಷನ್‌ನಲ್ಲಿಯೇ ಕೂರುತ್ತಿದ್ದ.

ಇನ್ನು ಅವನ ಹಿಂದಿ. ಮೆಕ್ಕೆಜೋಳದ ಮಾರುಕಟ್ಟೆಯ ಪಕ್ಕದಲ್ಲಿ ಲಾರಿ ತೂಗುವ ಕಾಟಾದಲ್ಲಿ ಅವನಿಗೆ ಇಪ್ಪತ್ತಾರು ವರ್ಷದ ಕೆಲಸ. ಉತ್ತರದ ಕಡೆಯ ಲಾರಿಗಳು ಬಂದಾಗ ಹಿಂದೆ ನಿಂತು “ಪೀಛೆ, ಪೀಛೆ, ಆನೇ ದೋ, ರೈಟ್ ಕಾಟ್, ಬಸ್ ಬಸ್ ಬಸ್!” ಎಂದು ಕೂಗಿ ತಟ್ಟೆಯ ಮೇಲೆ ನಿಲ್ಲಿಸುವುದು. ಆಮೇಲೆ “ಲೋಡ್” ಅಥವಾ “ಖಾಲಿ” ಎಂದು ಕೇಳುವುದು. ಟನ್ನುಗಳ ಅಂಕಿ ಹೇಳುವುದು. ಅಷ್ಟೇ. ಲಾರಿ ಹಿಂದಕ್ಕೆ ಬರುವಷ್ಟು ಹಿಂದಿ ಅವನಿಗೆ ಬರುತ್ತಿತ್ತು, ಮುಂದಕ್ಕೆ ಹೋಗುವಷ್ಟು ಬರುತ್ತಿರಲಿಲ್ಲ.

ಎಲ್ಲರೂ ಬಸ್ ಹತ್ತಿದರು. ರೇವಂತ್ ಮೈಕು ಕೊಟ್ಟು ಮಹಡಿ ಮೆಟ್ಟಿಲತ್ತ ಓಡಿದ. ಹಾಲೇಶಪ್ಪ ಡ್ರೈವರ್ ಪಕ್ಕದಲ್ಲಿ ನಿಂತು, ಮೀಸೆಯತ್ತ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ, “ಹಾಂ ಭಾಯ್, ಆನೇ ದೋ!” ಎಂದ.

ಇಮ್ರಾನ್ ಕನ್ನಡಿ ನೋಡಿ ಬಸ್ಸನ್ನು ಹಿಂದಕ್ಕೆ ತೆಗೆದ. ಲಾಡ್ಜಿನ ತುಳಸಿ ಕುಂಡಕ್ಕೆ ಇನ್ನು ಒಂದು ಗೇಣು ಇರುವಾಗ “ಬಸ್ ಬಸ್ ಬಸ್!” ಎಂದು ಹಾಲೇಶಪ್ಪ ಕಿರುಚಿದ. ಬಸ್ಸು ನಿಂತಿತು.

“ನೋಡಿದ್ರಾ,” ಎಂದಳು ಸುಂಕಲಮ್ಮ ಪಕ್ಕದವರಿಗೆ. “ಒಂದ್ ಮಾತಿಗೆ ಹೋತು, ಒಂದ್ ಮಾತಿಗೆ ನಿಂತು.”

ಬಂಗಾರಪ್ಪ “ಹ್ಞೂಂ” ಎಂದರು. ಆ ‘ಹ್ಞೂಂ’ ಮೆಚ್ಚುಗೆಯದೋ ಅನುಮಾನದ್ದೋ ಎಂದು ಹಾಲೇಶಪ್ಪನಿಗೆ ತಿಳಿಯಲಿಲ್ಲ.

ಊರು ದಾಟಿ ಮುಕ್ಕಾಲು ಗಂಟೆಯಾಗಿತ್ತು. ರಸ್ತೆಯ ಎರಡೂ ಕಡೆ ಜಾಲಿ ಕಂಟಿ ಬಿಟ್ಟರೆ ಮತ್ತೇನೂ ಇರಲಿಲ್ಲ. ಬಂಗಾರಪ್ಪನವರ ಹೆಂಡತಿ ನೇತ್ರಾವತಿ ಉಡಚಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಉಡಚಮ್ಮ ಗಂಡನ ಅಂಗಿ ಜಗ್ಗಿ ಮೆಲ್ಲಗೆ, “ರೀ, ಹೆಂಗಸ್ರಿಗೆ ಒಂಚೂರು ನಿಲ್ಲಿಸ್ಬೇಕಂತೆ. ಅನುಕೂಲ ಇರೋ ಕಡಿ,” ಎಂದಳು.

ಇದನ್ನು ಹಿಂದಿಯಲ್ಲಿ ಹೇಳುವುದು ಹೇಗೆ? ಹಾಲೇಶಪ್ಪ ತನಗೆ ಗೊತ್ತಿದ್ದ ಎಲ್ಲ ಪದಗಳನ್ನೂ ಚೀಲ ಕೊಡವಿದಂತೆ ಕೊಡವಿ ನೋಡಿದ. ಕೊನೆಗೆ ಇಮ್ರಾನನ ಕಡೆ ಬಾಗಿ, “ಭಾಯ್, ಲೇಡೀಸ್ ಲೋಡ್... ಖಾಲಿ ಕರ್ನಾ ಹೈ,” ಎಂದ.

ಇಮ್ರಾನ್ ಬ್ರೇಕ್ ಒತ್ತಿದ. “ಯಹಾಂ?” ಎಂದ ಕಣ್ಣು ದೊಡ್ಡದು ಮಾಡಿ.

“ಹಾಂ, ಯಹಾಂ. ಜಲ್ದಿ!”

ಇಮ್ರಾನ್ ಕೆಳಗಿಳಿದು ಹಿಂದಿನ ಡಿಕ್ಕಿ ತೆಗೆದು ಹೆಂಗಸರ ಬ್ಯಾಗುಗಳನ್ನೆಲ್ಲ ಒಂದೊಂದಾಗಿ ರಸ್ತೆ ಬದಿಯ ಮಣ್ಣಿನಲ್ಲಿ ಸಾಲಾಗಿ ಇಡತೊಡಗಿದ.

“ಅಯ್ಯೋ ಶಿವನೇ, ನಮ್ಮನ್ನ ಇಲ್ಲೇ ಇಳಿಸಿ ಹೋಗ್ತಾನೇನ್ರೀ ಇವ್ನು?” ಎಂದು ನೇತ್ರಾವತಿ ಎದೆ ಹಿಡಿದುಕೊಂಡಳು. ಸುಂಕಲಮ್ಮ ಸೀಟಿನ ಕಂಬಿಯನ್ನು ಅಪ್ಪಿ ಹಿಡಿದು, “ನಾ ಇಳಿಯಂಗಿಲ್ಲ! ಯಾರ್ ಬಂದ್ರೂ ಇಳಿಯಂಗಿಲ್ಲ!” ಎಂದು ಘೋಷಿಸಿದಳು.

ಉಡಚಮ್ಮ, “ನನ್ ಬ್ಯಾಗಿನಾಗೆ ಬಿ.ಪಿ. ಮಾತ್ರೆ ಐತೆ, ತಗಂಬರ್ತೀನಿ,” ಎಂದು ಕೆಳಗಿಳಿದು ಹೋದಳು. ಒಂದು ನಿಮಿಷ ಆ ಕಡೆ ನಿಂತಿದ್ದಳು. ಇಮ್ರಾನ್ ಹಣೆ ಹಣೆ ಬಡಿದುಕೊಂಡು ನಗುತ್ತ ಬ್ಯಾಗುಗಳನ್ನು ಮತ್ತೆ ಒಳಗೆ ತುಂಬಿದ. ಹತ್ತು ನಿಮಿಷದಲ್ಲಿ ಬಸ್ಸು ಒಂದು ಚೊಕ್ಕಟವಾದ ಹೋಟೆಲ್ ಮುಂದೆ, ಸರಿಯಾಗಿ ಹೆಂಗಸರ ಬಾಗಿಲಿನ ಎದುರಿಗೇ ನಿಂತಿತು.

‘ನನ್ನ ಮಾತು ಅವನ ತಲೆಗೆ ನಿಧಾನಕ್ಕೆ ಇಳೀತು,’ ಎಂದುಕೊಂಡ ಹಾಲೇಶಪ್ಪ. ಧೈರ್ಯ ಸ್ವಲ್ಪ ಹೆಚ್ಚಿತು.

ಆ ಧೈರ್ಯದಲ್ಲಿಯೇ ಪರವಾನಗಿ ಕೊಡುವ ಕಿಟಕಿಗೆ ಹೋದ. ಮರುಭೂಮಿಗೆ ಹೋಗಲು ಅಲ್ಲಿ ಚೀಟಿ ಮಾಡಿಸಬೇಕು. ಒಳಗಿದ್ದವನು ತಲೆ ಎತ್ತದೆ, “ಕಿತ್ನೇ?” ಎಂದ. ಎಷ್ಟು ಎಂದು ಕೇಳುತ್ತಿದ್ದಾನೆ ಎಂಬುದು ಹಾಲೇಶಪ್ಪನಿಗೆ ಚೆನ್ನಾಗಿ ಗೊತ್ತಾಯಿತು. ಇಪ್ಪತ್ತಾರು ವರ್ಷದ ಅಭ್ಯಾಸ ನಾಲಿಗೆಯನ್ನು ಹಿಡಿದೆಳೆಯಿತು.

“ಬಾಯೀಸ್ ಟನ್!” ಇಪ್ಪತ್ತೆರಡು ಜನ ಇಪ್ಪತ್ತೆರಡು ಟನ್ನಾದರು.

ಒಳಗಿದ್ದವನು ತಲೆ ಎತ್ತಿದ. ಹೊರಗೆ ಬಗ್ಗಿ ಬಸ್ಸಿನತ್ತ ನೋಡಿದ. ಕಿಟಕಿಯ ಪೂರ್ತಿ ತುಂಬಿಕೊಂಡು ಸುಂಕಲಮ್ಮ ಕೂತಿದ್ದಳು. ಅವನು ಏನೋ ಗೊಣಗಿದ. ಅಷ್ಟರಲ್ಲಿ ಉಡಚಮ್ಮ ಆಧಾರ್ ಕಾರ್ಡಿನ ಜೆರಾಕ್ಸ್ ಕಟ್ಟು ಹಿಡಿದು ಬಂದು, “ನೀವು ನಡೀರಿ, ಬಿಸಿಲೇರ್ತೈತೆ. ಚೀಟಿ ನಾ ಇಸ್ಕಂಬರ್ತೀನಿ,” ಎಂದಳು. ಚೀಟಿಯೂ ಬಂತು. ಹಾಲೇಶಪ್ಪ ಅದನ್ನು ಬಂಗಾರಪ್ಪನವರಿಗೆ ಕಾಣುವ ಹಾಗೆ ಜೇಬಿನಲ್ಲಿ ಅರ್ಧ ಹೊರಗಿಟ್ಟುಕೊಂಡ.

ಮರುಭೂಮಿ ಅಂದರೆ ಮರಳೆಂದು ತಿಳಿದಿದ್ದವರಿಗೆಲ್ಲ ಅಲ್ಲಿ ಬೆರಗು ಕಾದಿತ್ತು. ಕಣ್ಣು ಹರಿಯುವ ತನಕ ಬಿಳಿ ನೆಲ, ಯಾರೋ ರಂಗೋಲಿ ಹುಡಿಯ ಗೋದಾಮನ್ನೇ ತಲೆಕೆಳಗು ಮಾಡಿದ ಹಾಗೆ. ಸೂರ್ಯ ಆಗಷ್ಟೇ ಎದ್ದು ಅದರ ಮೇಲೆ ಕೆಂಪು ಬಳಿಯುತ್ತಿದ್ದ. ಎಲ್ಲರೂ ಫೋನು ಎತ್ತಿ ಫೋಟೊ ತೆಗೆಯತೊಡಗಿದರು. ಸುಂಕಲಮ್ಮ ಮಾತ್ರ ಕೂತು, ಬೆರಳಿನಿಂದ ನೆಲ ಕೆರೆದು, ನಾಲಿಗೆಗೆ ಇಟ್ಟುಕೊಂಡು ನೋಡಿದಳು.

“ಉಪ್ಪು! ಖರೇವಂದ್ರೂ ಉಪ್ಪು ಕಣ್ರೇ! ಇಷ್ಟು ಉಪ್ಪು ಇಟ್ಕೊಂಡು ಸಾರಿಗೆ ಬೆಲ್ಲ ಯಾಕ ಹಾಕ್ತಾರೋ ಮಂದಿ?”

ಅಲ್ಲಿ ಒಂಟೆಗಳಿದ್ದವು. ಬೀಗರಿಗೆ ಮರ್ಯಾದೆ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು ಹಾಲೇಶಪ್ಪ ಬಂಗಾರಪ್ಪನವರನ್ನು ಒಂದು ದೊಡ್ಡ ಒಂಟೆಯ ಹತ್ತಿರ ಕರೆದುಕೊಂಡು ಹೋದ. ಹೆಂಗಸರು ದೂರದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಂಗಾರಪ್ಪ ಹೆಗಲ ಮೇಲಿನ ಜರಿಯಂಚಿನ ಶಲ್ಯ ಸರಿಮಾಡಿಕೊಂಡು ಒಂಟೆಯ ಮುಖವನ್ನೇ ನೋಡುತ್ತ ನಿಂತರು. ಒಂಟೆಯೂ ಅವರ ಮೀಸೆಯನ್ನೇ ನೋಡಿತು.

ಒಂಟೆಯವನು ಓಡಿ ಬಂದು, “ಸಾಬ್, ಸಾಬ್, ಯೇ ಕಾಟ್ತಾ ಹೈ,” ಎಂದ.

“ಏನಂತೆ?” ಎಂದರು ಬಂಗಾರಪ್ಪ.

ಕಾಟ್! ಹಾಲೇಶಪ್ಪನಿಗೆ ಗೊತ್ತಿದ್ದ ನಾಲ್ಕು ಪದಗಳಲ್ಲಿ ಅದೂ ಒಂದು. ದಿನಕ್ಕೆ ನೂರು ಸಲ ಲಾರಿಯವರಿಗೆ ಹೇಳುವ ಪದ. ಕಾಟ್ ಅಂದರೆ ಸ್ಟೇರಿಂಗ್ ತಿರುಗಿಸು.

“ಚೆನ್ನಾಗಿ ತಿರುಗ್ತೈತಂತೆ,” ಎಂದ ಹೆಮ್ಮೆಯಿಂದ. “ರೈಟಿಗೂ, ಲೆಫ್ಟಿಗೂ. ಹತ್ರ ಹೋಗ್ರಿ, ಏನೂ ಆಗಲ್ಲ.”

ಬಂಗಾರಪ್ಪ ಒಂದು ಹೆಜ್ಜೆ ಹತ್ತಿರ ಹೋದರು. ಒಂಟೆ ನಿಜಕ್ಕೂ ಚೆನ್ನಾಗಿಯೇ ತಿರುಗಿತು. ತಿರುಗಿ, ಅವರ ಶಲ್ಯವನ್ನು ಜರಿ ಸಮೇತ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಮೆಲ್ಲತೊಡಗಿತು. ಬಂಗಾರಪ್ಪ ಈ ತುದಿ, ಒಂಟೆ ಆ ತುದಿ. ಹಾಲೇಶಪ್ಪ ಗಾಬರಿಯಲ್ಲಿ “ಪೀಛೆ, ಪೀಛೆ! ಬಸ್ ಬಸ್ ಬಸ್!” ಎಂದು ಕೂಗಿದ. ಒಂಟೆ ಯಾವ ಕಾಟಾದಲ್ಲೂ ತೂಗಿಸಿಕೊಂಡಿರಲಿಲ್ಲವಾದ್ದರಿಂದ ಕಿವಿಗೊಡಲಿಲ್ಲ. ಕೊನೆಗೆ ಉಳಿದದ್ದು ಬಂಗಾರಪ್ಪನವರ ಕೈಯಲ್ಲಿ ಒಂದು ಕರವಸ್ತ್ರದಷ್ಟು ಬಟ್ಟೆ.

ಅವರು ಅದನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡು, “ಹ್ಞೂಂ,” ಎಂದರು.

ಹಾಲೇಶಪ್ಪನ ಜೀವ ಉಪ್ಪಿನಲ್ಲಿ ಬಿದ್ದ ಮೀನಿನ ಹಾಗಾಯಿತು. ಬಸ್ಸಿನಲ್ಲಿ ಹೆಂಡತಿಗೆ ಪಿಸುಗುಟ್ಟಿದ. “ಆ ಮನುಷ್ಯಾಗೆ ಎಲ್ಲಾ ಗೊತ್ತೈತೆ ಕಣೇ. ಹದಿನೇಳು ವರ್ಷ ಮಿಲಿಟ್ರಿಯಾಗಿದ್ದೋರಿಗೆ ಹಿಂದಿ ಬರದೇ ಇರ್ತೈತಾ? ಒಂಟೆ ಕಚ್ತೈತೆ ಅನ್ನೋದು ಗೊತ್ತಿದ್ದೂ ಹತ್ರ ಹೋದ್ರು. ಯಾಕ ಹೇಳು? ನನ್ನ ಪರೀಕ್ಷೆ ಮಾಡಾಕೆ! ಪಾಕಿಸ್ತಾನದೋರ ಮುಂದೆ ನಿಂತ ಎದೆ, ಒಂಟೆಗೆ ಹೆದರ್ತೈತಾ? ಮಗಳ ಮದುವೆ ಹೋತು. ನನ್ ಬಾಯಿಂದ ಹೋತು.”

“ಏನೂ ಹೋಗಲ್ಲ. ಸುಮ್ನೆ ಮಲಗ್ರಿ ಒಂದ್ ತಾಸು,” ಎಂದಳು ಉಡಚಮ್ಮ. ಹಾಲೇಶಪ್ಪ ಮಲಗಲಿಲ್ಲ. ಇನ್ನು ಸಂಜೆಯ ತನಕ ಅಗತ್ಯಕ್ಕಿಂತ ಒಂದು ಅಕ್ಷರವೂ ಹೆಚ್ಚು ಮಾತಾಡುವುದಿಲ್ಲ ಎಂದು ತೀರ್ಮಾನಿಸಿ, ಭುಜ್‌ನಲ್ಲಿ ಊಟ ಮಾಡುವಾಗ ನೀರು ಬೇಕಾದರೂ ಲೋಟ ತಿರುಗಿಸಿ ತೋರಿಸಿದ.

ಮಾಂಡ್ವಿ ತಲುಪಿದಾಗ ಮೂರೂವರೆ. ಉಪ್ಪಿನ ನೆಲದಿಂದ ಹೊರಟವರಿಗೆ ಉಪ್ಪಿನ ಗಾಳಿ ಎದುರಾಯಿತು. ನದಿ ಸಮುದ್ರ ಸೇರುವ ಕಡೆ ಮರದ ಹಡಗುಗಳನ್ನು ಕಟ್ಟುತ್ತಿದ್ದರು. ಮನೆಗಿಂತ ಎತ್ತರದ ಹಡಗಿನ ಪಕ್ಕೆಲುಬುಗಳ ಮೇಲೆ ಮನುಷ್ಯರು ಗುಬ್ಬಿಗಳ ಹಾಗೆ ಕೂತು ಸುತ್ತಿಗೆ ಹೊಡೆಯುತ್ತಿದ್ದರು. ತುಂಗಭದ್ರೆಯಲ್ಲಿ ತೆಪ್ಪ ನೋಡಿದ್ದೇ ದೊಡ್ಡದೆಂದುಕೊಂಡಿದ್ದ ಹರಿಹರದವರು ಬಾಯಿ ತೆರೆದು ನಿಂತರು.

ಇಳಿಯುವಾಗ ಇಮ್ರಾನ್ ಹಾಲೇಶಪ್ಪನಿಗೆ ಐದು ಬೆರಳು ತೋರಿಸಿ, “ಪಾಂಚ್ ಬಜೇ, ಪುಲ್ ಕೇ ಪಾಸ್,” ಎಂದ.

ಐದು ಗಂಟೆಗೆ ಎಂಬುದು ಸರಿ. ಪುಲ್? ದೇವರ ದಯೆ, ಈ ಪದ ಗೊತ್ತಿತ್ತು. ದಾವಣಗೆರೆ ಮಾರ್ಕೆಟ್ಟಿನಲ್ಲಿ ಹೂವು ಮಾರುವ ಅತೀಕ್ ದಿನವೂ “ಫೂಲ್, ಫೂಲ್” ಎಂದು ಕೂಗುವುದನ್ನು ಕೇಳಿರಲಿಲ್ಲವೇ? ಹಾಲೇಶಪ್ಪ ಮೈಕು ಹಿಡಿದು ಹೇಳಿದ. “ಎಲ್ಲಾರೂ ಕೇಳ್ರಿ. ಐದು ಗಂಟಿಗೆ ಹೂವಿನ ಅಂಗಡಿ ಹತ್ರ ಬರ್ಬೇಕಂತೆ.”

ಉಳಿದವರೆಲ್ಲ ಉಡಚಮ್ಮನ ಹಿಂದೆ ಹಡಗು ನೋಡಲು ಹೋದರು. ಉಡಚಮ್ಮ ಒಮ್ಮೆ ತಿರುಗಿ ನೋಡಿ, “ನೀವು ಬಂಗಾರಪ್ನೋರನ್ನ ಕರ್ಕೊಂಡು ಸಮುದ್ರಕ್ಕೆ ಹೋಗಿ ಬರ್ರಿ, ಇಬ್ರೇ,” ಎಂದಳು. ಬೇಡವೆನ್ನಲು ಹಾಲೇಶಪ್ಪನಿಗೆ ನೆಪ ಹೊಳೆಯಲಿಲ್ಲ. ಅವನ ಫೋನು ಚಾರ್ಜಿಗೆ ಬಸ್ಸಿನಲ್ಲಿತ್ತು. ಬಂಗಾರಪ್ಪನವರದು ಅವರ ಹೆಂಡತಿಯ ಬ್ಯಾಗಿನಲ್ಲಿತ್ತು.

ದಂಡೆಯ ಮೇಲೆ ಇಬ್ಬರೂ ಒಂದು ತಾಸು ನಡೆದರು. ಹಾಲೇಶಪ್ಪ, “ನೀರು ಬಾಳ ಐತಲ್ರೀ,” ಎಂದ. ಬಂಗಾರಪ್ಪ, “ಹ್ಞೂಂ,” ಎಂದರು. ಅಷ್ಟೇ ಮಾತು.

ಐದಕ್ಕೆ ಐದು ನಿಮಿಷವಿರುವಾಗ ಒಂದು ಗುಡಿಯ ಮುಂದಿನ ಹೂವಿನ ಅಂಗಡಿ ಹುಡುಕಿ ನಿಂತರು. ಐದಾಯಿತು. ಯಾರೂ ಇಲ್ಲ. ಐದೂಕಾಲಾಯಿತು. ಹೂವಿನವಳು ಇಬ್ಬರನ್ನೂ ಎರಡೆರಡು ಸಲ ನೋಡಿ ಒಂದೊಂದು ಗುಲಾಬಿ ಚಾಚಿದಳು. ಬೇರೆ ಹೂವಿನ ಅಂಗಡಿ ಇದೆಯೇನೋ ಎಂದು ಬಜಾರಿನ ಗಲ್ಲಿ ಗಲ್ಲಿ ಸುತ್ತಿದರು. ಐದೂಮುಕ್ಕಾಲಿಗೆ ಹಾಲೇಶಪ್ಪ ನಡುಬೀದಿಯಲ್ಲಿ ನಿಂತುಬಿಟ್ಟ.

“ಎಲ್ಲಾರೂ ಕಳೆದೋದ್ರು,” ಎಂದ. ಇಪ್ಪತ್ತು ಜನ ಕಳೆದುಹೋಗಿದ್ದಾರೆ, ತಾವಿಬ್ಬರು ಸರಿಯಾದ ಜಾಗದಲ್ಲಿದ್ದೇವೆ ಎಂದೇ ಅವನ ನಂಬಿಕೆ. “ನಮ್ಮೋಳಿಗೆ ಈ ಊರಾಗೆ ಯಾರು ದಿಕ್ಕು? ಭಾಷೆ ಬರಲ್ಲ, ಏನಿಲ್ಲ. ಪೊಲೀಸ್ನೋರಿಗೆ ಹೇಳಾಣ ನಡೀರಿ.”

ಚೌಕಿಯಲ್ಲಿ ಒಬ್ಬ ಪೇದೆ ಚಹಾದ ಬಸಿ ಹಿಡಿದು ಕೂತಿದ್ದ. ಇಬ್ಬರೂ ಎದುರಿಗೆ ನಿಂತರು. ಪೇದೆ ಹುಬ್ಬೇರಿಸಿದ.

ಹಾಲೇಶಪ್ಪನಿಗೆ ಮರ್ಯಾದೆಗಿಂತ ಹೆಂಡತಿ ದೊಡ್ಡವಳೆನಿಸಿತು. “ಬಂಗಾರಪ್ನೋರೆ, ನೀವು ಹೇಳ್ರಿ. ನೀವು ಮಿಲಿಟ್ರಿಯೋರು. ನಿಮ್ ಮಾತಿಗೆ ತೂಕ ಇರ್ತೈತೆ.”

“ಇಲ್ಲಿಲ್ಲ, ನೀವೇ ಹೇಳ್ರಿ. ಬೆಳಗ್ಗಿಂದ ನೀವೇ ಹೇಳೀರಿ.”

“ನೀವೇ ಹೇಳ್ರಿ ಅಂತೀನಿ!”

“ನೀವು ಹೇಳ್ರೀ ಅಂದ್ರೆ!”

ಪೇದೆ ಬಸಿ ಕೆಳಗಿಟ್ಟ. ಜಗಳ ತನ್ನ ಮುಂದೆಯೇ ನಡೆಯುತ್ತಿದೆ ಎಂದು ಇಬ್ಬರನ್ನೂ ಬೆಂಚಿನ ಎರಡು ತುದಿಗೆ ಕೂರಿಸಿದ. ಹಾಲೇಶಪ್ಪನಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು.

“ನನಗೆ ಹಿಂದಿ ಬರಲ್ರೀ ಬಂಗಾರಪ್ನೋರೆ. ಲಾರಿ ಹಿಂದಕ್ಕೆ ಬಿಡೋ ಹಿಂದಿ ಅಷ್ಟೇ. ನಿಮ್ ಮುಂದೆ ಸಣ್ಣೋನಾಗ್ತೀನಿ ಅಂತ ಸುಳ್ಳು ಹೇಳ್ದೆ. ಸಂಬಂಧ ಬಿಟ್ರೂ ಬಿಡ್ರಿ. ಇಪ್ಪತ್ತೆಂಟು ವರ್ಷದಾಗೆ ಅವ್ಳು ಎಲ್ಲಿ ಅಂತ ನಾನು ಒಂದ್ ದಿನಾನೂ ಹುಡುಕಿದ್ದಿಲ್ಲ. ತಿರುಗಿ ನೋಡಿದ್ರೆ ಇರ್ತಿದ್ಲು. ಈಗ ತಿರುಗಿ ನೋಡಿದ್ರೆ ಇಲ್ಲ. ನೀವೇ ಕೇಳ್ರಿ ಆ ಪೊಲೀಸ್ನ.”

ಬಂಗಾರಪ್ಪ ಮೀಸೆ ಸವರಿದರು. ಆಮೇಲೆ ಬೆಂಚಿನ ಮೇಲೆ ಜರುಗಿ ಹತ್ತಿರ ಬಂದರು.

“ನನಗೂ ಬರಲ್ಲ.”

“ಏನು ಬರಲ್ಲ?”

“ಹಿಂದಿ.”

“ಹದಿನೇಳು ವರ್ಷ ಮಿಲಿಟ್ರಿ...”

“ಹೋಟೆಲು,” ಎಂದರು ಬಂಗಾರಪ್ಪ. “ಹರಿಹರ ಬಸ್‌ಸ್ಟ್ಯಾಂಡ್ ಹಿಂದೆ. ಮಿಲಿಟ್ರಿ ಹೋಟೆಲು. ಮಟನ್ ಚಾಪ್ಸು, ಕಾಲ್ ಸೂಪು, ಮುದ್ದೆ. ಹದಿನೇಳು ವರ್ಷ ನಡೆಸಿ, ಬಿಟ್ಟು ಗದ್ದಿ ಮಾಡ್ಕೊಂಡೀನಿ. ಜಂಬಯ್ಯ ನಿಮಗೆ ‘ಮಿಲಿಟ್ರಿ’ ಅಂದ. ನೀವು ನನ್ನ ಕಂಡ ಕೂಡ್ಲೇ ಸಲಾಮು ಹೊಡೆದ್ರಿ. ಜೀವನದಾಗೆ ಯಾರೂ ನನಗೆ ಸಲಾಮು ಹೊಡ್ದಿದ್ದಿಲ್ಲ. ಬಿಡಾಕೆ ಮನಸ್ಸು ಬರ್ಲಿಲ್ಲ. ಬಾಯಿ ಬಿಟ್ರೆ ಗೊತ್ತಾಗ್ತೈತೆ ಅಂತ ಎಂಟು ದಿನಕ್ಕೆ ‘ಹ್ಞೂಂ’ ಒಂದೇ ಸಾಕು ಅಂದ್ಕೊಂಡೆ.”

“ಒಂಟೆ ಹತ್ರ ಯಾಕ ಹೋದ್ರಿ ಮತ್ತೆ?”

“ತಿರುಗ್ತೈತೆ ಅಂದ್ರಲ್ಲ ನೀವು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಹಾಲೇಶಪ್ಪನ ಭುಜ ಅಲುಗಿತು, ಆಮೇಲೆ ಬಂಗಾರಪ್ಪನವರ ಮೀಸೆ. ಚೌಕಿಯ ತಗಡು ಹಾರುವ ಹಾಗೆ ನಕ್ಕರು. ಐದು ನಿಮಿಷದ ಹಿಂದೆ ಕಚ್ಚಾಡುತ್ತಿದ್ದವರು ಹೀಗೆ ಅಪ್ಪಿಕೊಂಡು ನಗುವುದನ್ನು ನೋಡಿ ಪೇದೆ ಇಬ್ಬರ ಬಾಯಿಯ ಹತ್ತಿರವೂ ಮೂಗು ತಂದು ಮೂಸಿದ. ಗುಜರಾತಿನಲ್ಲಿ ಕುಡಿಯುವುದು ದೊಡ್ಡ ಅಪರಾಧ.

“ಬೀಗರೆ,” ಎಂದ ಹಾಲೇಶಪ್ಪ. ಆ ಪದವನ್ನು ಅವನು ಬಳಸಿದ್ದು ಅದೇ ಮೊದಲು. “ಈ ಮಾತು ನಮ್ಮಿಬ್ರಾಗೇ ಇರ್ಲಿ. ಹೆಂಡ್ರಿಗೆ ಗೊತ್ತಾಗೋದು ಬ್ಯಾಡ.”

“ಸತ್ರೂ ಹೇಳಲ್ಲ ಬೀಗರೆ,” ಎಂದು ಬಂಗಾರಪ್ಪ ಕೈ ಹಿಡಿದರು.

ಪೇದೆ ಕೊನೆಗೆ ಸ್ಟೇರಿಂಗ್ ತಿರುಗಿಸುವಂತೆ ಕೈ ಮಾಡಿ ಏನೋ ಕೇಳಿ, “ನಂಬರ್?” ಎಂದ. ಅದು ಹಾಲೇಶಪ್ಪನಿಗೆ ಹೊಟ್ಟೆಪಾಡಿನ ಪದ. ಬಸ್ಸಿನ ನಂಬರನ್ನು ಒಂದು ಅಂಕಿ ತಪ್ಪದೆ ಹಿಂದಿಯಲ್ಲೇ ಹೇಳಿದ. ಪೇದೆ ಊರಿನ ಬೇರೆ ಚೌಕಿಗಳಿಗೆ ಫೋನು ಮಾಡಿದ. ಆರು ನಿಮಿಷಕ್ಕೆ ಬಸ್ಸು ಚೌಕಿಯ ಮುಂದೆ ಬಂದು ನಿಂತಿತು. ಒಳಗೆ ಎಲ್ಲರೂ ಇದ್ದರು. ಸುಂಕಲಮ್ಮ ಏನನ್ನೋ ಜಗಿಯುತ್ತ ಕೈ ಬೀಸಿದಳು.

ಬಾಗಿಲಿಂದ ಉಡಚಮ್ಮ ಇಳಿದಳು. ಗಂಡನನ್ನು ನೋಡಿದಳು, ಬೀಗರನ್ನು ನೋಡಿದಳು. ಸೀದಾ ಚೌಕಿಯ ಒಳಗೆ ಪೇದೆಯ ಹತ್ತಿರ ಹೋಗಿ, ಕೈ ಮುಗಿದು, ಆಕಾಶವಾಣಿಯಲ್ಲಿ ವಾರ್ತೆ ಓದಿದ ಹಾಗೆ ಹಿಂದಿಯಲ್ಲಿ ಮಾತಾಡತೊಡಗಿದಳು. ಎಲ್ಲೂ ತಡವರಿಕೆಯಿಲ್ಲ. ಪೇದೆ ಎದ್ದು ನಿಂತು, “ಕೋಯೀ ಬಾತ್ ನಹೀಂ, ಬೆಹನ್‌ಜೀ,” ಎಂದು ತಾನೂ ಕೈ ಮುಗಿದ. ಇಮ್ರಾನ್ ಕಿಟಕಿಯಿಂದ, “ಬೆಹನ್‌ಜೀ, ಚಲೇಂ?” ಎಂದು ಬೆಳಗ್ಗಿನಿಂದ ಅವಳನ್ನೇ ಕೇಳಿ ಅಭ್ಯಾಸವಾದವನ ಹಾಗೆ ಕೇಳಿದ.

ಹಾಲೇಶಪ್ಪನ ಬಾಯಿ ಬಸ್ಸಿನ ಡಿಕ್ಕಿಯ ಹಾಗೆ ತೆರೆದುಕೊಂಡಿತು. “ನಿನಗೆ... ಹಿಂದಿ...?”

“ಮದುವಿಗಿಂತ ಮುಂಚೆ ಹರಿಹರದಾಗೆ ಹಿಂದಿ ಪರೀಕ್ಷೆ ಎಲ್ಲಾ ಕಟ್ಟಿದ್ದೆ. ಪ್ರಥಮದಿಂದ ಪ್ರವೀಣದ ತನಕ. ಪ್ರವೀಣದಾಗೆ ಫಸ್ಟ್ ಕ್ಲಾಸು.”

“ಒಂದ್ ಸಲಾನೂ ಹೇಳ್ಲಿಲ್ವಲ್ಲೇ!”

“ನೋಡಾಕ ಬಂದಾಗ ನಿಮ್ಮಪ್ಪ ‘ರೊಟ್ಟಿ ತಟ್ಟಾಕೆ ಬರ್ತೈತಾ’ ಅಂತ ಕೇಳಿದ್ರು. ಬರ್ತೈತೆ ಅಂದೆ. ಆಮೇಲೆ ಯಾರೂ ಏನೂ ಕೇಳ್ಲಿಲ್ಲ.”

“ಇವತ್ತು ಬೆಳಗ್ಗೆ ಹೇಳ್ಬೋದಿತ್ತಲ್ಲ!”

“ಬಾಯಿ ತೆಗ್ದಿದ್ದೆ. ಅಷ್ಟ್ರಾಗೆ ನೀವು ಬೀಗರ ಮುಂದೆ ಎದೆ ಉಬ್ಬಿಸಿ ನಿಂತಿದ್ರಿ. ಚೆಂದ ಕಾಣ್ತಿದ್ರಿ. ಗಾಳಿ ಯಾಕ ತೆಗೀಲಿ ಅಂತ ಸುಮ್ನಾದೆ.” ಉಡಚಮ್ಮ ಸೆರಗು ಸರಿಮಾಡಿಕೊಂಡಳು. “ಪುಲ್ ಅಂದ್ರೆ ಸೇತುವೆ. ಬೀಗರು ಬೀಗರು ಒಂದ್ ತಾಸು ಜತಿಗಿದ್ದು ಮಾತಾಡ್ಲಿ ಅಂತ ನಿಮ್ಮಿಬ್ರಿಗೆ ಹೇಳ್ಲಿಲ್ಲ. ಮಿಕ್ಕೋರಿಗೆ ದಾರಿ ತಪ್ತು ಅಂತ ಹೇಳಿ ಸೇತುವೆ ಹತ್ರ ಕರ್ಕೊಂಡ್ ಹೋದೆ.”

ಬಂಗಾರಪ್ಪ ಹೆದರಿ ಬಸ್ಸಿನ ಕಡೆ ನೋಡಿದರು. ನೇತ್ರಾವತಿ ಕಿಟಕಿಯಲ್ಲಿ ಕೂತು ನಗುತ್ತಿದ್ದಳು.

“ಹೋಟೆಲಿಂದೂ ಗೊತ್ತೈತೆ,” ಎಂದಳು ಉಡಚಮ್ಮ. “ನೇತ್ರಾವತಕ್ಕ ರೈಲು ಹತ್ತಿದ ದಿನಾನೇ ಹೇಳ್ಯಾಳೆ. ಮದುವಿ ಮಾತು ನಾವು ಹುಬ್ಬಳ್ಳಿ ಬರೋದ್ರಾಗೇ ಮುಗಿಸೀವಿ. ನೀವು ಗಂಡಸ್ರು ಒಬ್ರನ್ನೊಬ್ರು ಒಪ್ಪೋದೊಂದು ಬಾಕಿ ಇತ್ತು.”

ಮೂವರೂ ಬಸ್ ಹತ್ತಿದರು. ಹಾಲೇಶಪ್ಪ ಮೂಲೆ ಸೀಟು ಹುಡುಕಿ ಕೂತು, ಇನ್ನುಳಿದ ದಿನವಾದರೂ ಬಾಯಿ ಮುಚ್ಚಿಕೊಂಡು ಇರಬಹುದಲ್ಲ ಎಂದು ಉಸಿರು ಬಿಟ್ಟ. ಅಷ್ಟರಲ್ಲಿ ಸುಂಕಲಮ್ಮ ಎದ್ದು ನಿಂತಳು.

“ಎಲ್ಲಾರೂ ಕೇಳ್ರಪ್ಪ. ರೇವಂತ್ ಫೋನ್ ಮಾಡಿದ್ದ. ಇನ್ನಾ ಎದ್ದು ನಿಲ್ಲಾಕೆ ಆಗಲ್ವಂತೆ, ಊರಿಗೆ ವಾಪಸ್ ಹೊಕ್ಕಾನಂತೆ. ಹೋಗ್ಲಿ ಬಿಡ್ರಿ! ಇವತ್ತು ನಾವೆಲ್ಲಾ ದಾರಿ ತಪ್ಪಿಸ್ಕೊಂಡಿದ್ದಕ್ಕೆ ಹಾಲೇಶಪ್ಪ ಪೊಲೀಸ್ನೋರಿಗೇ ಹಿಂದಿಯಾಗೆ ದಬಾಯಿಸಿ ಬಸ್ಸು ತರಿಸ್ಯಾನೆ. ನಾಳಿಯಿಂದ ದ್ವಾರಕಾ, ಸೋಮನಾಥ, ಎಲ್ಲಾದಕ್ಕೂ ಅವ್ನೇ ಮ್ಯಾನೇಜರು. ಮಿಲಿಟ್ರಿಯೋರು ಅವ್ನಿಗೆ ಅಸಿಸ್ಟೆಂಟು.”

ಚಪ್ಪಾಳೆ ಬಿತ್ತು. ಹಾಲೇಶಪ್ಪ ಹೆಂಡತಿಯ ಕಡೆ ಕೈ ತೋರಿಸಿ, “ಅಲ್ಲ, ಇವ್ಳಿಗೆ...” ಎಂದ.

“ನನಗೆಲ್ಲಿ ಬರ್ತೈತೆ ತಾಯಿ,” ಎಂದಳು ಉಡಚಮ್ಮ ಎಲ್ಲರಿಗೂ ಕೇಳುವಂತೆ. “ಅವ್ರಿಗೇ ಸರಿ.”

ಬಸ್ಸು ಹೊರಟಿತು. ಅವಳು ಬೀಗರಿಬ್ಬರನ್ನೂ ತನ್ನ ಹಿಂದಿನ ಸೀಟಿಗೆ ಕರೆಸಿಕೊಂಡು ಅರ್ಧ ತಿರುಗಿ ಕೂತು ದನಿ ತಗ್ಗಿಸಿದಳು. “ಭುಜ್ ಬರೋ ತನಕ ಒಂದೂವರೆ ತಾಸು ಐತೆ. ಬಾಯಿಪಾಠ ಮಾಡ್ರಿ. ಮೈಂ ಜಾತಾ ಹೂಂ. ನಾನು ಹೋಗುತ್ತೇನೆ.”

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಎರಡು ತಲೆಗಳು ತೂಗುತ್ತಿದ್ದವು, ನಾಲ್ಕು ತುಟಿಗಳು ಅಲುಗುತ್ತಿದ್ದವು. ಸುಂಕಲಮ್ಮ ಅದನ್ನು ನೋಡಿ ಪಕ್ಕದವರಿಗೆ, “ದ್ವಾರಕಾ ನಾಳಿಗೆ. ಬೀಗರಿಬ್ರೂ ಇವತ್ತೇ ಜಪ ಶುರು ಮಾಡ್ಯಾರೆ, ಪುಣ್ಯವಂತ್ರು,” ಎಂದು ಕೈ ಮುಗಿದಳು.

“ಮೈಂ ಜಾತೀ ಹೂಂ,” ಎಂದರು ಬಂಗಾರಪ್ಪ, ಮೀಸೆ ತಿರುವಿ.

“ಜಾತೀ ಅಂದ್ರೆ ನೇತ್ರಾವತಕ್ಕ, ಬೀಗರೆ. ನೀವು ಜಾತಾ,” ಎಂದಳು ಉಡಚಮ್ಮ. “ಹ್ಞೂಂ, ಇಬ್ರೂ ಮತ್ತೆ ಮೊದ್ಲಿಂದ ಹೇಳ್ರಿ.”